ಬಲಗಿವಿಗೆ ಹೇಳುವ ಮಾತು

ಮುಖ ಬರೆಯುವ ಮಕ್ಕಳು ಕಿವಿಯ ಹತ್ತಿರ ಬಂದ ಕೂಡಲೇ ಕಳ್ಳಾಟ ಶುರು ಮಾಡುತ್ತಾರೆ. ಹುಡುಗಿಯ ಮುಖವಾದರೆ ಕೂದಲು ಇಳಿಬಿಡುತ್ತಾರೆ, ಹುಡುಗನದಾದರೆ ಟೊಪ್ಪಿ ತೊಡಿಸುತ್ತಾರೆ. ಯಲ್ಲಾಪುರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವ ನಾನು ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ರಬ್ಬರು ಕಸಿದುಕೊಂಡು ಟೊಪ್ಪಿ ಅಳಿಸಿ, “ಈಗ ಕಿವಿ ಬರಿ” ಎನ್ನುತ್ತೇನೆ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಕಿವಿ ಬರೆದೂ ತೋರಿಸುತ್ತೇನೆ. ಹೊರಗಿನ ಅಂಚಿನ ಮಡಿಕೆ, ಅದರೊಳಗೆ ಇನ್ನೊಂದು ಏಣು, ನಡುವೆ ಬಟ್ಟಲಿನಂತಹ ತಗ್ಗು, ಕೆಳಗೆ ಓಲೆ ಹಾಕುವ ಮೆತ್ತಗಿನ ಹಾಲೆ. ಮಕ್ಕಳು ನನಗಿಟ್ಟ ಹೆಸರು ಕಿವಿ ಟೀಚರ್. ಕಿವಿ ಹಿಂಡುವುದಕ್ಕೂ ಸೇರಿಸಿಯೇ ಇಟ್ಟಿದ್ದಾರೆಂದು ಗೊತ್ತಿದೆ, ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ತಮ್ಮ ತೀರಿಕೊಂಡ ಮೇಲೆ ಬೋರ್ಡಿನ ಆ ಕಿವಿಗೆ ಒಂದು ಚೂಪು ತುದಿ ಬರತೊಡಗಿತು. ನಾನು ಬೇಕೆಂದು ಬರೆದದ್ದಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅಳಿಸಿ ಗುಂಡಗೆ ಬರೆದರೆ ಮತ್ತೆ ಅದೇ ತುದಿ. ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಅದು ಯಾರ ಕಿವಿ?” ಎಂದು ಕೇಳಿಯೇಬಿಟ್ಟಳು. ನಾನು ಅವಳಿಗೆ ಸರಿಯಾಗಿ ಗದರಿ, ಬೋರ್ಡು ಪೂರ್ತಿ ಒರೆಸಿ, ಆ ದಿನ ಹೂವಿನ ಕುಂಡ ಬರೆಸಿದೆ.

ನಮ್ಮ ಅಪ್ಪನ ಕಡೆಯವರ ಕಿವಿ ಮೇಲ್ಗಡೆ ಗುಂಡಗಿರುವುದಿಲ್ಲ. ಸ್ವಲ್ಪ ಚೂಪಾಗಿ ನಿಂತಿರುತ್ತದೆ, ಅಂಚಿನ ಮಡಿಕೆಯೊಳಗೆ ಉದ್ದಿನಕಾಳಿನಷ್ಟು ಒಂದು ಗಂಟು. ಅಪ್ಪನಿಂದ ಅದು ತಮ್ಮನಿಗೆ ಬಂತು, ನನಗೆ ಬರಲಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಬಾವಲಿ ಎಂದು ಕರೆದು ಅಳಿಸುವುದು ನನ್ನ ದಿನದ ಕೆಲಸವಾಗಿತ್ತು. ಅವನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಂಗನಬಾವು ಬಂತು. ಕೆನ್ನೆ ಊದಿಸಿಕೊಂಡು, ಮದ್ದೆಂದು ಕೊರಳಿಗೆ ತಾಯಿಯ ಚಿನ್ನದ ಸರ ಹಾಕಿಸಿಕೊಂಡು ಮದುಮಗನ ಹಾಗೆ ಕೂತಿರುತ್ತಿದ್ದ. ಬಾವು ಇಳಿಯುವಾಗ ಎಡಗಿವಿಯ ಕೇಳಿಸುವ ಶಕ್ತಿಯನ್ನೂ ಒಯ್ದಿತು. ಅಂದಿನಿಂದ ಅವನ ಹತ್ತಿರ ಮಾತಾಡುವವರು ಬಲಗಡೆಗೆ ಬರಬೇಕು. ಮದುವೆಯಾಗಿ ಬಂದ ಹೆಣ್ಣು ಇದನ್ನು ಬಲು ಬೇಗ ರೂಢಿಸಿಕೊಂಡಳು. ಬಡಿಸುವಾಗ ಬಲಗಡೆ, ಬಸ್ಸಿನಲ್ಲಿ ಕೂರುವಾಗ ಬಲಗಡೆ, ಸ್ಕೂಟರಿನ ಹಿಂದೆ ಕೂತಾಗಲೂ ಅವನ ಬಲಹೆಗಲ ಮೇಲೆ ಗದ್ದ.

ಅವನನ್ನು ಒಯ್ದದ್ದೂ ಹೆಸರಿನಲ್ಲಿ ಮಂಗ ಇರುವ ಇನ್ನೊಂದು ಕಾಯಿಲೆಯೇ. ಸಿದ್ದಾಪುರ ತಾಲೂಕಿನವರಿಗೆ ಮಂಗನ ಕಾಯಿಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಿನಲ್ಲಿ ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣುಗು ದರಕಿಗೆ ಉದುರುತ್ತದೆ. ದರಕೆಂದರೆ ಬೆಟ್ಟದಲ್ಲಿ ಬಿದ್ದ ಒಣ ಎಲೆ, ಕೊಟ್ಟಿಗೆಗೆ ಹಾಸಲು ಗುಡಿಸಿ ತರುವುದು. ಗುಡಿಸಲು ಹೋದವರಿಗೆ ಸಾಸಿವೆಯಷ್ಟು ಸಣ್ಣ ಆ ಉಣುಗು ಕಚ್ಚುತ್ತದೆ, ಆಮೇಲೆ ಜ್ವರ. ಬಹಳ ಮಂದಿ ಎದ್ದು ಓಡಾಡುತ್ತಾರೆ, ಕೆಲವರು ಏಳುವುದಿಲ್ಲ. ತಮ್ಮ ಏಳಲಿಲ್ಲ.

ಬಿಳಗಿಯ ಹತ್ತಿರದ ನನ್ನ ತವರಿನ ಅಂಗಳದಲ್ಲಿ ಅವನನ್ನು ಮಲಗಿಸಿದಾಗ ಮುಖ ಅವನದಾಗಿರಲಿಲ್ಲ. ಕಿವಿ ಮಾತ್ರ ಇದ್ದ ಹಾಗೇ ಇತ್ತು, ಚೂಪಾಗಿ, ಯಾರೋ ಕರೆಯುವುದನ್ನು ಕಾಯುತ್ತಿರುವಂತೆ. ಜಾಗ ಕಡಿಮೆಯಿದ್ದುದರಿಂದ ಬಂದವರೆಲ್ಲ ಎಡಗಡೆ ಕೂತು ಅಳುತ್ತಿದ್ದರು. ಅಲ್ಲಿ ಅತ್ತರೆ ಅವನಿಗೆ ಕೇಳುವುದಿಲ್ಲ, ಈಚೆ ಬನ್ನಿ ಎಂದು ಹೇಳಬೇಕೆನಿಸಿತು. ನಾನೊಬ್ಬಳೇ ಬಲಗಡೆಗೆ ಹೋಗಿ ಕೂತೆ.

ಆಮೇಲೆ ತಮ್ಮನ ಹೆಂಡತಿ ದನಗಳನ್ನು ಕೊಟ್ಟುಬಿಟ್ಟಳು. ದರಕು ಗುಡಿಸುವ ಕೆಲಸವೇ ನಿಂತಿತು. ಬೆಟ್ಟದ ಕಡೆ ಮಗಳು ತಲೆ ಹಾಕಿಯೂ ಮಲಗಕೂಡದು ಎಂಬಂತಾಯಿತು. ಒಬ್ಬಳೇ ಮಗಳು, ಪಿಯುಸಿಗೆ ಸಿದ್ದಾಪುರಕ್ಕೆ ಹೋಗಿಬರುತ್ತಾಳೆ. ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವಳು ಜಡೆ ಬಿಚ್ಚಿ ತಾಯಿಯ ಮುಂದೆ ಕೂರಬೇಕು. ತಾಯಿ ಬೈತಲೆ, ಕತ್ತು, ಕಿವಿಯ ಹಿಂದುಗಡೆ ಎಲ್ಲ ಬೆರಳಾಡಿಸಿ ಉಣುಗು ಹುಡುಕುತ್ತಾಳೆ. ಹೇನು ನೋಡಿದ ಹಾಗೆ ಕಾಣುತ್ತದೆ, ಆದರೆ ಹೇನು ನೋಡುವವರ ಮುಖ ಹಾಗಿರುವುದಿಲ್ಲ.

ಹುಡುಗಿಗೆ ಬಂದಿದ್ದು ಅಪ್ಪನ ಕಿವಿ. ಅದೇ ಚೂಪು, ಅದೇ ಗಂಟು. ರಜೆಯಲ್ಲಿ ಹೋದಾಗ ಒಂದು ಸಂಜೆ ನಾನು ಗಮನಿಸಿದೆ, ಹುಡುಕುವುದು ಮುಗಿದ ಮೇಲೂ ತಾಯಿಯ ಬೆರಳು ಬಲಗಿವಿಯ ತುದಿಯಲ್ಲೇ ನಿಂತಿತ್ತು. ಅವಳು ಬಾಗಿ ಆ ಕಿವಿಯೊಳಗೆ ಏನೋ ಹೇಳುತ್ತಿದ್ದಳು. ತೆಂಗಿನಕಾಯಿ ಕೀಳಿಸಿದ್ದು, ಕರೆಂಟು ಬಾರದೆ ಇದ್ದದ್ದು, ಯಾರದೋ ಮನೆಯ ಬಾಣಂತನ. ಹುಡುಗಿ ಹೂಂ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಕಂಬದಂತೆ ಕೂತಿದ್ದಳು.

ಮಾರನೇ ದಿನ ಬಟ್ಟೆ ಒಣಗಿಸುವಾಗ ಹುಡುಗಿಯನ್ನು ಕೇಳಿದೆ. ಅವಳು ಕೊಡೆಯ ಬಗ್ಗೆಯೋ ಚಪ್ಪಲಿಯ ಬಗ್ಗೆಯೋ ಹೇಳುವಷ್ಟು ಸಲೀಸಾಗಿ ಹೇಳಿದಳು: “ಆಯಿ ಮಾತಾಡದು ಎನ್ನತ್ರ ಅಲ್ಲ ಅತ್ತೆ. ಅಪ್ಪಯ್ಯನತ್ರ. ಆನು ಸುಮ್ನೆ ಕೂತ್ಗತ್ತೆ.”

ತಾಯಿಗೆ ಬುದ್ಧಿ ಹೇಳಬೇಕೆಂದು ಅಡುಗೆಮನೆಗೆ ಹೋದವಳು, ಅವಳು ದೋಸೆ ಎರೆಯುವುದನ್ನು ನೋಡಿ ವಾಪಸು ಬಂದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನನಗೂ ಅವನಿಗೆ ಹೇಳುವುದು ಬಹಳ ಇತ್ತು, ನನ್ನ ಹತ್ತಿರ ಕಿವಿ ಇರಲಿಲ್ಲ.

ಕಳೆದ ವರ್ಷ ಶಿವರಾತ್ರಿ ಕಳೆದು ಬಿಸಿಲೇರಿದ ಸಮಯದಲ್ಲಿ ಫೋನು ಬಂತು. “ಅತ್ಗೇ, ಕೂಸಿಗೆ ಜ್ವರ.” ಆ ಮನೆಯಲ್ಲಿ ಜ್ವರ ಎಂಬುದರ ಮುಂದೆ ಇನ್ನೇನೂ ಸೇರಿಸಬೇಕಾಗಿಲ್ಲ. ನಾನು ರಜೆ ಹಾಕಿ, ಶಿರಸಿಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಕಿಟಕಿಯಾಚೆಯ ಒಣ ಎಲೆಗಳನ್ನು ಬೈಯುತ್ತ ಹೋದೆ.

ಹುಡುಗಿ ಗೆಳತಿಯರ ಜೊತೆ ತಾಯಿಗೆ ಹೇಳದೆ ಬೆಟ್ಟಕ್ಕೆ ಕವಳಿಕಾಯಿ ಕೊಯ್ಯಲು ಹೋಗಿದ್ದಳು. ಆ ಸಂಜೆ ಬಲಗಿವಿಯ ಮೇಲಂಚಿನಲ್ಲಿ ಉಣುಗು ಸಿಕ್ಕಿತ್ತು. ಉಣುಗು ತೆಗೆದಾಯಿತು, ಅರಿಶಿನ ಹಚ್ಚಿಯಾಯಿತು, ಆಮೇಲೆ ಜ್ವರ ಬಂತು. ನಾನು ಹೋಗುವಷ್ಟರಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಾಗಿತ್ತು, ಫಲಿತಾಂಶಕ್ಕೆ ಕಾಯಬೇಕಿತ್ತು. ತಾಯಿ ಟಾರ್ಚು ಹಿಡಿದು ಮಗಳ ಕಣ್ಣಿನ ರೆಪ್ಪೆ ಎಳೆದು ನೋಡುವಳು, ತುಟಿ ಬಿಡಿಸಿ ವಸಡಿನಲ್ಲಿ ರಕ್ತ ಇದೆಯೇ ನೋಡುವಳು. ತಮ್ಮನಿಗೆ ಎಲ್ಲೆಲ್ಲಿ ಏನೇನಾಗಿತ್ತೋ ಅಲ್ಲೆಲ್ಲ ಹುಡುಕುವಳು. ನಾನೂ ಅವಳ ಭುಜದ ಮೇಲಿಂದ ಇಣುಕಿ ಅದನ್ನೇ ಹುಡುಕುತ್ತಿದ್ದೆ. ಹುಡುಗಿಯ ಕೈ ಮಾತ್ರ ಮತ್ತೆಮತ್ತೆ ಕಿವಿಯ ಹತ್ತಿರ ಹೋಗುತ್ತಿತ್ತು.

“ಕಿವಿ ಸಿಕ್ಕಾಪಟ್ಟೆ ನೋವು ಆಯಿ,” ಎಂದರೆ, “ಉಣುಗು ಕಚ್ಚಿದ ಜಾಗ, ನೋಯದೇ ಇರ್ತಾ?” ಎಂದು ತಾಯಿ ಮತ್ತೆ ವಸಡು ನೋಡುವಳು. ಪಕ್ಕದ ಮನೆಯ ಅಜ್ಜಿ ಬಂದು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟುಹೋದಳು. ಔಷಧಿ ಅಂಗಡಿಯಿಂದ ತಂದ ಯಾವುದೋ ಮಾತ್ರೆಯೂ ನಡೆದಿತ್ತು.

ಫಲಿತಾಂಶ ಫೋನಿನಲ್ಲಿ ಬಂತು. ತಾಯಿ ಫೋನನ್ನು ಎದೆಗೆ ಒತ್ತಿಕೊಂಡು, “ರಿಪೋರ್ಟು ಚೊಲೋ ಬಂಜು ಅತ್ಗೆ. ಮಂಗನ ಕಾಯಿಲೆ ಅಲ್ದಡ. ಕೂಸು ಉಳ್ಕಂಜು,” ಎಂದು ಅಲ್ಲೇ ಕುಸಿದು ಕೂತು ಅತ್ತಳು. ಅತ್ತು ಮುಗಿಸಿ ಪಾಯಸ ಮಾಡಿದಳು. ಪಕ್ಕದ ಮನೆಯವರೂ ಬಂದು ಕುಡಿದುಹೋದರು. ನಾನೂ ನಾಚಿಕೆಯಿಲ್ಲದೆ ಮತ್ತೆ ಮತ್ತೆ ಹಾಕಿಸಿಕೊಂಡೆ. ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ಕಾಲವಾಗಿತ್ತು.

ಊಟವಾದ ಮೇಲೆ ಹುಡುಗಿ ಮಲಗಿದ್ದಲ್ಲಿಗೆ ಹೋದೆ. ದಿಂಬಿಗೆ ಬಲಗೆನ್ನೆ ತಾಗಿಸಲಾರದೆ ಎಡಮಗ್ಗುಲಾಗಿ ಮುದುಡಿದ್ದಳು. ಕೂದಲು ಸರಿಸಿದೆ.

“ಮುಟ್ಟಡ ಅತ್ತೆ, ಉರೀತು.”

ಆ ಕಿವಿಯಲ್ಲಿ ಒಂದೂ ಗೆರೆ ಉಳಿದಿರಲಿಲ್ಲ. ಅಂಚಿನ ಮಡಿಕೆ ಇಲ್ಲ, ಒಳಗಿನ ಏಣು ಇಲ್ಲ, ಬಟ್ಟಲು ತುಂಬಿಹೋಗಿದೆ. ಮಕ್ಕಳು ಬರೆಯಲು ಬಾರದೆ ಬರೆದ ಕಿವಿಯ ಹಾಗೆ ಒಂದೇ ಕೆಂಪು ಉಂಡೆ, ಮುಟ್ಟಿದರೆ ಬಿಸಿ, ಹೊಳೆಯುವಷ್ಟು ಬಿಗಿ. ನನಗೆ ದಿಗಿಲು ಹುಟ್ಟಿಸಿದ್ದು ಅದಲ್ಲ. ಕೆಳಗಿನ ಹಾಲೆ ಮಾತ್ರ ಎಂದಿನಂತೆ ತೆಳ್ಳಗೆ, ತಣ್ಣಗೆ, ಸಣ್ಣ ಓಲೆ ಹಾಕಿಕೊಂಡು ಆರಾಮವಾಗಿತ್ತು. ಕೆಂಪು ಅದರ ಮೇಲಂಚಿನವರೆಗೆ ಬಂದು, ಗೀಟೆಳೆದ ಹಾಗೆ ನಿಂತಿತ್ತು. ಕಿವಿಯೊಳಗಿನ ನೋವಾಗಿದ್ದರೆ ಹೀಗೇಕೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ, ಏನೋ ಸರಿಯಿಲ್ಲ ಎಂಬುದಷ್ಟೇ ಹೊಳೆದದ್ದು.

ತಾಯಿಯನ್ನು ಕೂಗಿದೆ. ಅವಳು ಪಾಯಸದ ಪಾತ್ರೆ ಹಿಡಿದುಕೊಂಡೇ ಬಂದಳು.

“ಬಾತ್ಕಂಜು, ನೋಡಿದ್ದಿ. ಇನ್ನೆರಡು ದಿನಕ್ಕೆ ಇಳೀತು ಅತ್ಗೆ. ದೊಡ್ಡದು ತಪ್ಪಿತಲಿ, ಅಷ್ಟು ಸಾಕು.”

ನನ್ನ ಪಿತ್ತ ನೆತ್ತಿಗೇರಿತು. “ಎಂತ ಮಾರಾಯ್ತಿ, ಮಂಗನ ಕಾಯಿಲೆ ಅಲ್ಲ ಅಂದ್ರೆ ಬೇರೆ ಕಾಯಿಲೆ ಬರ್ಲಾಗ ಹೇಳಿ ಕಾನೂನು ಇದ್ದಾ? ಸರಿಯಾಗಿ ಕಣ್ಣು ಬಿಟ್ಟು ನೋಡು. ತುದಿ ಎಲ್ಲಿದ್ದು ಇದರಲ್ಲಿ?”

ಅವಳು ಬಗ್ಗಿ ನೋಡಿದಳು. ತುದಿ ಎಂದದ್ದಕ್ಕೆ ನೋಡಿದಳು. ಪಾತ್ರೆಯನ್ನು ನೆಲದ ಮೇಲಿಟ್ಟು ಸೀರೆ ಬದಲಾಯಿಸಲು ಹೋದಳು.

ಶಿರಸಿಯ ಕಿವಿ ಮೂಗು ಗಂಟಲಿನ ಡಾಕ್ಟರು ಹಾವೇರಿ ಕಡೆಯ ಹೆಂಗಸು. “ಬರ್ರಿ, ಕೂಡ್ರಿ” ಎನ್ನುತ್ತಲೇ ಹುಡುಗಿಯ ತಲೆಯನ್ನು ದೀಪದ ಕಡೆ ತಿರುಗಿಸಿದರು. ಹಾಲೆಯನ್ನು ಮೆಲ್ಲಗೆ ಎಳೆದು, “ನೋವಾಗತೈತೇನವಾ?” ಎಂದರು. ಇಲ್ಲ ಎಂದಳು. ಮೇಲಂಚಿಗೆ ಬೆರಳ ತುದಿ ತಾಗಿಸಿದ್ದೇ ತಡ, ಹುಡುಗಿ ಕಿಟಾರನೆ ಕಿರುಚಿದಳು.

“ಇದು ಕಿವಿ ಒಳಗಿನ ನೋವಲ್ರಿ. ಮ್ಯಾಲಿನ ಮೆತ್ತನ ಎಲುಬಿಗೆ ಹತ್ತಿದ ಸೋಂಕು. ಹಾಲ್ಯಾಗ ಆ ಎಲುಬು ಇಲ್ಲ, ಅದಕ್ಕ ಅದು ಆರಾಮ ಐತಿ. ಅದನ್ನ ನೋಡೇ ನಾವು ಗುರ್ತು ಹಿಡಿಯೋದು.”

ಆ ಎಲುಬಿಗೆ ತನ್ನದೇ ರಕ್ತನಾಳ ಇರುವುದಿಲ್ಲವಂತೆ. ಅದರ ಮೈಗೆ ಅಂಟಿಕೊಂಡ ತೆಳು ಪೊರೆಯೇ ಅದಕ್ಕೆ ಉಣಿಸಬೇಕು. ನಡುವೆ ಕೀವು ತುಂಬಿ ಪೊರೆ ಎದ್ದುಬಿಟ್ಟರೆ ಎಲುಬು ಹಸಿದು ಕರಗುತ್ತದೆ, ತೊಗಟೆ ಸುಲಿದ ಟೊಂಗೆ ಒಣಗಿದ ಹಾಗೆ. ಕಿವಿಗೆ ಎಣ್ಣೆ ಬಿಟ್ಟರೆ ಅದು ಸೋಂಕಿದ್ದಲ್ಲಿಗೆ ಹೋಗುವುದೇ ಇಲ್ಲ. ಈ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವ ಕ್ರಿಮಿಗೆ ನಾವು ಕೊಟ್ಟ ಮಾತ್ರೆಯೂ ನಾಟುವಂಥದ್ದಲ್ಲ. ಇನ್ನು ಅಡ್ಮಿಟ್ ಮಾಡಿ ಬೇರೆ ಔಷಧಿಯನ್ನು ರಕ್ತಕ್ಕೆ ಕೊಡಬೇಕು, ಕಿವಿ ಕೊಯ್ದು ಕೀವು ತೆಗೆಯಬೇಕು. ಕೆಂಪಾದ ಮೊದಲಿಗೇ ಬಂದಿದ್ದರೆ ಔಷಧಿಯಲ್ಲೇ ಮುಗಿಯುತ್ತಿತ್ತೇನೋ ಎಂದರು. ನಾವು ಆ ದಿನಗಳನ್ನು ವಸಡು ನೋಡುವುದರಲ್ಲಿ ಕಳೆದಿದ್ದೆವು.

ಆಮೇಲೆ ಅವರು ಅರಿಶಿನವನ್ನು ಹತ್ತಿಯಿಂದ ಒರೆಸಿ ಕನ್ನಡಕ ಸರಿಮಾಡಿಕೊಂಡರು. “ಇದು ಬರೇ ಹುಳ ಕಚ್ಚಿದ್ದಲ್ಲ. ಸುಟ್ಟಂಗ ಐತಿ. ಏನ್ ತಾಗಿಸ್ಕೊಂಡೀ?”

ತಾಯಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಹುಡುಗಿ ಒಂದಿಷ್ಟೂ ತಡವರಿಸದೆ, “ಗೆಳತಿ ಮನೇಲಿ ಕೂದ್ಲು ನೇರ ಮಾಡೋ ಮಷಿನು ತಾಗ್ತು,” ಎಂದಳು. ಡಾಕ್ಟರು ನಂಬಿದರು. ಕೊಬ್ಬರಿ ಎಣ್ಣೆಯೊಂದನ್ನು ಬಿಟ್ಟು ಬೇರೇನನ್ನೂ ಕಾಣದ ಆ ಗುಂಗುರು ಕೂದಲನ್ನು ನೋಡಿ ನಾನು ನಂಬಲಿಲ್ಲ.

ತಾಯಿಯ ಪ್ರಶ್ನೆ ಒಂದೇ ಇತ್ತು. “ಡಾಕ್ಟ್ರೇ, ಮೇಲಿನ ತುದಿ ಉಳೀತದ?”

“ಎಲ್ಲಾರೂ ಕೇಳಸತೈತೇನ್ರಿ ಅಂತ ಕೇಳ್ತಾರ, ನೀವು ತುದೀ ಚಿಂತಿ ಮಾಡಾಕ್ಹತ್ತೀರಿ. ಕೇಳಸೂದಕ್ಕ ಏನೂ ಆಗಂಗಿಲ್ರಿ. ಆಕಾರದ ಮಾತು ನಾ ಕೊಡಂಗಿಲ್ಲ.”

ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗಿನ ಬೆಂಚಿನ ಮೇಲೆ ಇಬ್ಬರೇ ಕೂತೆವು. ತಮ್ಮನ ಹೆಂಡತಿ ಗೋಡೆಗೆ ಹೇಳುವಂತೆ ಹೇಳಿದಳು: “ಕೂಸು ಸುಳ್ಳು ಹೇಳ್ತು ಅತ್ಗೆ. ಆನೇ ಸುಟ್ಟಿದ್ದು.”

ದೇವರ ಮುಂದೆ ಊದಿನಕಡ್ಡಿ ಉರಿಯುತ್ತಿತ್ತಂತೆ. ಬಿಸಿ ತಾಗಿಸಿದರೆ ಉಣುಗು ಕಚ್ಚಿದ್ದನ್ನು ಬಿಡುತ್ತದೆಂದು ನಮ್ಮ ಕಡೆ ಅನೇಕರು ಮಾಡುವುದುಂಟು. ಚಿಮಟದಲ್ಲಿ ಬುಡ ಹಿಡಿದು ನೆಟ್ಟಗೆ ಎಳೆಯಬೇಕೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಹೇಳಿದ್ದರು, ಇವಳೂ ತಲೆಯಾಡಿಸಿದ್ದಳು. ಆದರೆ ಕಂಡ ಹೊತ್ತಿಗೆ ಅದೊಂದೂ ನೆನಪಿಗೆ ಬಂದಿಲ್ಲ.

“ಅದು ಬಿಡ್ಲಿಲ್ಲೆ ಅತ್ಗೆ. ಬಿಡೋ ತನಕ ಹಿಡ್ದಿ. ಕೂಸು ಆಯೀ ಆಯೀ ಹೇಳಿ ಕೂಗ್ತಾ ಇತ್ತು, ಆದ್ರೂ ತೆಗೀಲಿಲ್ಲೆ. ಅವ್ರನ್ನ ತಗಂಡು ಹೋಗಿದ್ದು, ಅವ್ರ ಕಿವಿಗೇ ಬಂದು ಕೂತಿತ್ತು.”

ಅವಳು ಮಗಳ ಕಿವಿ ಎನ್ನಲಿಲ್ಲ. ಅವಳ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಒಳಗಿನಿಂದ ಹುಡುಗಿಯ ದನಿ ಕೇಳುತ್ತದೆಯೇ ಎಂದು ಇಬ್ಬರೂ ಕಿವಿಗೊಟ್ಟು ಕೂತಿದ್ದೆವು.

ಕೊಯ್ದು ಕೀವು ತೆಗೆದು ತೊಳೆದರು. ಸತ್ತ ಎಲುಬಿನ ಚೂರುಗಳನ್ನೂ ತೆಗೆಯಬೇಕಾಯಿತು. ಮತ್ತೆ ನೀರು ತುಂಬದಂತೆ ಕಿವಿಯ ಆಚೆ ಈಚೆ ಹತ್ತಿಯ ಸುರುಳಿಗಳನ್ನಿಟ್ಟು, ಎರಡನ್ನೂ ಸೇರಿಸಿ ಹೊಲಿಗೆ ಹಾಕಿ ಒತ್ತಿ ಹಿಡಿಸಿದ್ದರು. ನಾನು ಆಸ್ಪತ್ರೆಯಲ್ಲಿ ಹುಡುಗಿಯ ಪಕ್ಕ ಇದ್ದಾಗ, ಅವಳು ನಿದ್ದೆ ಹೋದ ಒಂದು ಮಧ್ಯಾಹ್ನ, ಆ ಬ್ಯಾಂಡೇಜಿನ ಹತ್ತಿರ ಬಾಗಿದೆ. ಬಾವಲಿ ಎಂದು ಒಂದು ಸಲ ಕರೆಯಬೇಕೆಂದಿದ್ದೆ. ಸ್ಪಿರಿಟ್ಟಿನ ವಾಸನೆಯಷ್ಟೇ ಮೂಗಿಗೆ ಬಂತು.

ಹೊಲಿಗೆ ಬಿಚ್ಚಿ, ಬಾವು ಪೂರ್ತಿ ಇಳಿಯುವ ಹೊತ್ತಿಗೆ ಮಳೆ ಹಿಡಿದಿತ್ತು. ಉಳಿದಷ್ಟು ಉಳಿಯಿತು ಎಂದು ಡಾಕ್ಟರು ಸಮಾಧಾನಪಟ್ಟರು, ನಡುವಿನ ಬಟ್ಟಲೂ ಒಳಗಿನ ಏಣೂ ಉಳಿದವು. ಮೇಲ್ಗಡೆ ಬಾಡಿದ ಎಲೆಯಂತೆ ಮುರುಟಿಕೊಂಡಿತು. ತುದಿ ಇಲ್ಲ, ಗಂಟೂ ಇಲ್ಲ. ಎಡಗಿವಿಯಲ್ಲಿ ಎರಡೂ ಹಾಗೇ ಇದ್ದವು, ಆದರೆ ಆ ಮನೆಯಲ್ಲಿ ಎಡಗಿವಿಗೆ ಯಾರೂ ಏನೂ ಹೇಳುವುದಿಲ್ಲ.

ಹುಡುಗಿ ಫೋನು ಮಾಡಿದಾಗಲೆಲ್ಲ ಒಂದೇ ದೂರು. ಆಯಿ ಮುಟ್ಟುವುದಿಲ್ಲ. ಸಂಜೆ ಜಡೆ ಬಿಚ್ಚಿ ಕೂತರೆ ದೂರದಿಂದ ಟಾರ್ಚು ಬಿಟ್ಟು ನೋಡಿ, ಸಾಕು ಏಳು ಎನ್ನುತ್ತಾಳೆ. ಕಿವಿಯ ಹತ್ತಿರ ಬಾಗುವುದಿಲ್ಲ. ಊಟದಲ್ಲೂ ಮಾತಿಲ್ಲ. ಮನೆಯಲ್ಲಿ ಈಗ ಮೊದಲಿಗಿಂತ ಒಬ್ಬರು ಕಡಿಮೆಯಾದಂತೆ ಕಾಣುತ್ತದೆ ಎಂದಳು.

ಚೌತಿಯ ರಜೆಗೆ ಹೋದೆ. ಸಂಜೆ ದೀಪ ಹಚ್ಚಿಯಾಗಿತ್ತು. ಊದಿನಕಡ್ಡಿ ಹಚ್ಚುವುದನ್ನು ಆ ಮನೆಯಲ್ಲಿ ಬಿಟ್ಟುಬಿಟ್ಟಿದ್ದರು. ತಮ್ಮನ ಹೆಂಡತಿ ಬಾಗಿಲ ಪಕ್ಕ ಗೋಡೆಗೊರಗಿ ಹೂಬತ್ತಿ ಹೊಸೆಯುತ್ತಿದ್ದಳು, ನಾನು ಅವಳ ಎದುರು ಕೂತು ಹತ್ತಿ ಬಿಡಿಸಿ ಕೊಡುತ್ತಿದ್ದೆ. ಹುಡುಗಿ ಜಡೆ ಬಿಚ್ಚಿಕೊಂಡು ಬಂದು ತಾಯಿಯ ಮೊಣಕಾಲಿಗೆ ತಾಗಿ ಕೂತಳು. ತಾಯಿ ಟಾರ್ಚಿಗೆ ಕೈ ಚಾಚಿದರೆ ಅದನ್ನು ತೆಗೆದು ಆಚೆಗಿಟ್ಟಳು. ಬಲಗಡೆಯ ಕೂದಲನ್ನೆಲ್ಲ ಹಿಂದಕ್ಕೆ ಸರಿಸಿ, ಮುರುಟಿದ ಕಿವಿಯನ್ನು ತಾಯಿಯ ಮುಖದ ಹತ್ತಿರ ತಂದಳು.

“ಈ ಬದಿ ಕೇಳ್ತು ಆಯಿ. ಡಾಕ್ಟ್ರು ಹೇಳಿದ್ವಲಿ, ಕೇಳಲೆ ಎಂತೂ ಆಗ್ತಿಲ್ಲೆ ಹೇಳಿ.”

ತಾಯಿಯ ಬತ್ತಿ ಹೊಸೆಯುವ ಕೈ ಅಲ್ಲೇ ನಿಂತಿತ್ತು.

“ಹೇಳು. ಇವತ್ತು ಎಂತಾ ಆತು ಹೇಳು.”

ತಾಯಿಯ ಬೆರಳು ಮೇಲೆದ್ದು ಆ ಕಿವಿಯ ಅಂಚನ್ನು ಮುಟ್ಟಿತು. ಇದ್ದ ತುದಿಯನ್ನು ಹುಡುಕಿ, ಇಲ್ಲದ ಕಡೆ ನಿಂತಿತು. ಅವಳು ಬಾಗಿದಳು. ದನಿ ಸಣ್ಣಗಿತ್ತು, ಆದರೆ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಇವತ್ತು ನಿಮ್ಮಕ್ಕ ಬಂಜು.”

ನಾನು ಮಡಿಲಿನ ಹತ್ತಿಯನ್ನು ಕೆಳಗಿಟ್ಟು, ಎದ್ದು ಹೋಗಿ ಹುಡುಗಿಯ ಬಲಗಡೆ ಕೂತೆ.